ನಲವತ್ತಮೂರು ಬೀಗ, ನಲವತ್ತೆರಡು ಚಾವಿ

ಪಂಪಮ್ಮನಿಗೆ ಓದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ. ಉಳಿದರ್ಧ ಕಾರಣ ಓದು ಬಹಳ ಬಂದವರದು. ಅವರ ಸುದ್ದಿ ಆಮೇಲೆ.

ಆಂಧ್ರಕ್ಕೆ ಸೇರಿದ ಕೌತಾಳಂನಿಂದ ದಿನಕ್ಕೆರಡು ಬಸ್ಸು ಬರುವ ಗಡಿಯ ಊರು ಅವಳದು. ದೀಪಾವಳಿ ದಾಟಿ, ಇದ್ದಷ್ಟು ಹತ್ತಿ ಬಿಡಿಸಿ ಆದೋನಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ, ಅಗಸಿ ಬಾಗಿಲ ಆಚೆಯ ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿ ಲಾರಿ ಹತ್ತುತ್ತದೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ. ಇದಕ್ಕೆ ಅಲ್ಲಿಯ ಜನ ‘ಸುಗ್ಗಿಗೆ ಹೋಗೋದು’ ಅನ್ನುತ್ತಾರೆ. ಸುಗ್ಗಿ ಅಂದರೆ ಬೇರೆ ಊರುಗಳಲ್ಲಿ ಮನೆಗೆ ಕಾಳು ಬರುವ ಕಾಲ, ಇಲ್ಲಿ ಮನೆಗೆ ಬೀಗ ಬೀಳುವ ಕಾಲ. ಮತ್ತೆ ಬಾಗಿಲು ತೆರೆಯುವುದು ಯುಗಾದಿಗೆ. ಅಲ್ಲಿಯ ತನಕ ಓಣಿಯಲ್ಲಿ ಉಳಿಯುವವರು ಕೈಲಾಗದ ನಾಲ್ಕು ಮುದುಕರು, ಹತ್ತಾರು ನಾಯಿಗಳು ಮತ್ತು ಪಂಪಮ್ಮ.

ಪಂಪಮ್ಮನೂ ಮೊದಲು ಸುಗ್ಗಿಗೆ ಹೋಗುತ್ತಿದ್ದವಳೇ. ಹನ್ನೊಂದು ವರ್ಷದ ಹಿಂದೆ ಲಾರಿ ಪಲ್ಟಿ ಹೊಡೆದು ಬಲಗಾಲು ಎರಡು ಕಡೆ ಮುರಿಯಿತು. ಮೂಟೆಗಳ ಕೆಳಗೆ ಸಿಕ್ಕಿಬಿದ್ದವಳನ್ನು ತೋಳು ಹಿಡಿದು ಎಳೆದು ಹಾಕಿದವಳು ಪಕ್ಕದ ಮನೆಯ ಲಿಂಗಕ್ಕ. ಕಾಲು ಕೂಡಿಕೊಂಡಿತು, ಆದರೆ ಎರಡು ಬೆರಳಿನಷ್ಟು ಗಿಡ್ಡವಾಯಿತು. ಗಂಡ ಸುಂಕಣ್ಣ ಈಗಲೂ ಹೋಗುತ್ತಾನೆ, ತಂಡಕ್ಕೆ ಅಡುಗೆ ಮಾಡಿ ಹಾಕುತ್ತಾನೆ. ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚದವನು ಅಲ್ಲಿ ಅರವತ್ತು ಮಂದಿಗೆ ಸಾರು ಕಾಸುತ್ತಾನಂತೆ. ಅದನ್ನು ಹೇಳುವಾಗೆಲ್ಲ ಪಂಪಮ್ಮನಿಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಕಾಲು ಮುರಿದ ಮೊದಲ ವರ್ಷ ಲಿಂಗಕ್ಕ ಲಾರಿ ಹತ್ತುವ ಮುಂಚೆ ಬಂದು, “ಹೆಂಗೂ ಮನ್ಯಾಗ ಇರ್ತಿಯಲ್ಲ, ನಮ್ಮ ಮನಿ ಕಡೆ ಒಂದೀಟು ಕಣ್ಣಿಟ್ಟಿರು” ಎಂದು ಚಾವಿ ಕೊಟ್ಟಳು. ಅದನ್ನು ನೋಡಿ ಇನ್ನೊಬ್ಬಳು ಕೊಟ್ಟಳು. ನಾಲ್ಕು ವರ್ಷಕ್ಕೆ ಓಣಿಯ ನಲವತ್ತಮೂರು ಮನೆಗಳ ಚಾವಿಯೂ ಪಂಪಮ್ಮನ ಸೊಂಟಕ್ಕೆ ಬಂತು. ಓದು ಬಾರದವಳಿಗೆ ಯಾವುದು ಯಾರದೆಂದು ತಿಳಿಯುವುದು ಹೇಗೆ? ಅದಕ್ಕೇ ಪ್ರತಿಯೊಂದಕ್ಕೂ ಆ ಮನೆಯ ಹೆಂಗಸಿನ ಹಳೇ ಸೀರೆಯ ಒಂದು ಚಿಂದಿ ಕಟ್ಟಿದಳು. ನೀಲಿ ಬಸವಕ್ಕನದು, ಹಳದಿಗೆ ಕೆಂಪು ಹೂವಿನದು ಶೋಭಾರಾಣಿಯದು. ಓಣಿಯ ಹೆಂಗಸರು ಉಟ್ಟು ಹರಿದ ಸೀರೆಯೆಲ್ಲ ಆ ಗೊಂಚಲಿನಲ್ಲಿದ್ದವು.

ಇನ್ನೊಂದು ಕೆಲಸ ಆಕೆಗೆ ಯಾರೂ ಹೇಳಿದ್ದಲ್ಲ. ಸತ್ತವರ ಮನೆ ಮುಂದೆ ಕಸ ಗುಡಿಸುವುದಿಲ್ಲ, ನೀರು ಹಾಕುವುದಿಲ್ಲ. ಬದುಕಿದ್ದವರ ಬಾಗಿಲು ಹಾಗಿರಬಾರದು ಎಂದು ಪಂಪಮ್ಮ ದಿನಾ ಬೆಳಿಗ್ಗೆ ಕುಂಟುತ್ತ ಹೋಗಿ ಒಂದೊಂದು ಹೊಸ್ತಿಲಿಗೂ ನೀರು ಚಿಮುಕಿಸಿ, ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದು ಬರುತ್ತಿದ್ದಳು. ಹೂವು ಬಳ್ಳಿ ಏನಿಲ್ಲ, ಎರಡು ಗೆರೆ ಅಷ್ಟೆ. ಯುಗಾದಿಗೆ ಬಂದವರು ಮನೆಗೊಂದು ಮೊರ ಒಣಮೆಣಸಿನಕಾಯಿ ತಂದು ಸುರಿಯುತ್ತಿದ್ದರು. ಅವಳ ಮನೆಯಲ್ಲಿ ವರ್ಷವಿಡೀ ಸೀನು.

ಹೀಗೆ ನಡೆದುಕೊಂಡು ಹೋಗುತ್ತಿತ್ತು, ಎರಡು ವರ್ಷದ ಹಿಂದಿನ ತನಕ.

ಆ ವರ್ಷ ಮಾಘದಲ್ಲಿ ಸರ್ವೆಗೆಂದು ಒಬ್ಬ ಬಂದ. ಎಲ್ಲಿಂದ ಬಂದ, ಯಾರು ಕಳಿಸಿದರು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಲಿಂಗಕ್ಕನ ಬಾಗಿಲ ಮುಂದೆ ನಿಂತು, “ಈ ಮನೆಯಲ್ಲಿ ಯಾರಾದರೂ ಇದ್ದಾರಾ ಇಲ್ಲವಾ?” ಎಂದು ಕೇಳಿದ. ಪಂಪಮ್ಮನದು ಒಳ್ಳೇತನ. ಇದ್ದಾರೆಂದು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಿಬಿಡೋಣ ಎಂದು ಬೀಗ ತೆಗೆದಳು. ನೋಡ್ರಿ, ಇದು ಕೊಡ, ಇದು ಹಾಸಿಗೆ, ಇದು ದೇವರ ಫೋಟೋ, ಜನ ಬಾಳ್ವೆ ಮಾಡೋ ಮನಿ ಎಂದಳು. ಅವನು ಕತ್ತು ಚಾಚಿ ನೋಡಿದ, ಮೂಲೆಯ ಜೇಡರಬಲೆ ನೋಡಿದ, ಏನೋ ಬರೆದುಕೊಂಡು ಹೋದ. ಯುಗಾದಿಗೆ ಲಿಂಗಕ್ಕ ಬಂದು ರೇಷನ್ ಅಕ್ಕಿಗೆ ಹೋದರೆ ರೈಸ್ ಕಾರ್ಡಿನಲ್ಲಿ ನಾಲ್ಕು ಹೆಸರೂ ಇಲ್ಲ. ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತಿನಿಂದ ಪಂಪಮ್ಮ ಒಂದು ಕಟ್ಟಳೆ ಮಾಡಿದಳು: ಗುಂಟೂರಿನಿಂದ ಫೋನ್ ಮಾಡಿ ಮನೆ ತೆಗೆ ಅಂದರೆ, ಮೊದಲು ನಿನ್ನ ಚಿಂದಿಯ ಬಣ್ಣ ಹೇಳು. ಹೇಳದಿದ್ದರೆ ಯಾವ ದೊಡ್ಡವರು ಬಂದರೂ ಬೀಗ ತೆಗೆಯುವುದಿಲ್ಲ.

ಲಿಂಗಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಪಂಪಮ್ಮ ಅತ್ತು ಕಾಲು ಹಿಡಿಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸುಮ್ಮನೆ ಬಂದು ತನ್ನ ಚಾವಿ ಕೇಳಿ ಇಸಕೊಂಡಳು. ಚಿಂದಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಮುಂದಿನ ಕಾರ್ತಿಕದಲ್ಲಿ ತಾನೇ ಬೀಗ ಹಾಕಿ, ಚಾವಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು ಲಾರಿ ಹತ್ತಿದಳು. ಅದರ ಮುಂದಿನ ವರ್ಷವೂ ಹಾಗೆಯೇ. ನಲವತ್ತಮೂರು ಬೀಗ, ಸೊಂಟದಲ್ಲಿ ನಲವತ್ತೆರಡು ಚಾವಿ. ಆ ಒಂದು ಚಾವಿ ತಿರುಗಿ ಬರಲಿ ಎಂಬುದನ್ನು ಬಿಟ್ಟು ಪಂಪಮ್ಮನಿಗೆ ದೇವರ ಹತ್ತಿರ ಕೇಳುವುದು ಬೇರೇನೂ ಉಳಿದಿರಲಿಲ್ಲ. ಲಿಂಗಕ್ಕನ ಹೊಸ್ತಿಲಿಗೆ ನೀರು ಹಾಕುವುದನ್ನು, ಗೆರೆ ಎಳೆಯುವುದನ್ನು ಮಾತ್ರ ಆಕೆ ಬಿಡಲಿಲ್ಲ.

ಈಗ ಓದಿದವರ ಸುದ್ದಿ. ಈ ವರ್ಷ ಸಂಕ್ರಾಂತಿ ಕಳೆದ ವಾರಕ್ಕೆ ಆದೋನಿಯಿಂದ ಒಂದು ಜೀಪು ಬಂತು. ಇಳಿದವಳು ವಿಷ್ಣುಪ್ರಿಯಾ, ಆದೋನಿಯಲ್ಲಿ ಪೋಸ್ಟಾಫೀಸಿನಿಂದ ರಿಟೈರಾದ ಕೃಷ್ಣಮೂರ್ತಿಯವರ ಮಗಳು. ಹೈದರಾಬಾದಿನಲ್ಲಿ ಚಿತ್ರಕಲೆ ಕಲಿತವಳು. ತಲೆಗೂದಲು ಕಿವಿಯ ಮೇಲಕ್ಕೆ, ಮಾತು ಬಸ್ಸಿಗಿಂತ ಜೋರು, ಮನಸ್ಸು ಮಾತ್ರ ಒಳ್ಳೆಯದು. ಅವಳೂ ಅವಳ ಗೆಳೆಯರೂ ಮೂರು ದಿನ ಆ ಓಣಿಯಲ್ಲಿ ಹಬ್ಬ ಮಾಡುತ್ತಾರಂತೆ. ಬ್ಯಾನರಿನಲ್ಲಿ ‘ಪ್ರಯೋಗ ಕಲೆ ಮತ್ತು ಸಾಮಾಜಿಕ ನ್ಯಾಯದ ಜನಹಬ್ಬ’ ಎಂದು ಬರೆದಿತ್ತು.

“ಯಾವ ದೇವರ ಹಬ್ಬ ತಾಯಿ?” ಎಂದು ಕೇಳಿದಳು ಪಂಪಮ್ಮ.

“ದೇವರದಲ್ಲ ಅಮ್ಮಾ. ನ್ಯಾಯದ ಹಬ್ಬ. ಸುಗ್ಗಿಗೆ ಹೋಗೋವರ ಕಷ್ಟದ ಮ್ಯಾಲೆ.”

“ನ್ಯಾಯಕ್ಕೂ ಹಬ್ಬ ಮಾಡ್ತಾರ? ಎಡಿ ಏನಿಡ್ತೀರಿ ಮತ್ತ?”

ವಿಷ್ಣುಪ್ರಿಯಾ ಬಿದ್ದು ಬಿದ್ದು ನಕ್ಕಳು. ಪಂಪಮ್ಮನಿಗೆ ಹುಡುಗಿ ಹಿಡಿಸಿದಳು, ಆದರೂ ಕೇಳಬೇಕಾದ್ದನ್ನು ಕೇಳಿದಳು: “ಅಲ್ಲವ್ವಾ, ಸುಗ್ಗಿಗೆ ಹೋದವರ ಹಬ್ಬ ಅಂತಿ. ಅವರು ಸುಗ್ಗಿಗೆ ಹೋಗ್ಯಾರ! ಶ್ರಾವಣದಾಗ ಮಾಡ್ರಿ, ಉರುಕುಂದ ಈರಣ್ಣನ ಜಾತ್ರಿ ಹೊತ್ತಿಗೆ ಎಲ್ಲಾರೂ ಊರಾಗ ಇರ್ತಾರ.”

“ಅವರು ಇಲ್ಲ ಅನ್ನೋದನ್ನೇ ನಾವು ತೋರಸಬೇಕಾಗೇದ ಅಮ್ಮಾ.”

ಮದುವೆ ಮಾಡಲಿಕ್ಕೆ ಬಂದವರು ಮದುಮಕ್ಕಳು ಇಲ್ಲದಿದ್ದರೇ ಚೆಂದ ಅಂದ ಹಾಗಾಯಿತು ಇದು. ಆದರೆ ಓದಿದವರಿಗೆ ಯಾರು ಹೇಳಬೇಕು?

ಮನೆಗಳನ್ನು ತೆರೆದು ಒಳಗೆ ಏನೇನೋ ಇಡಬೇಕೆಂದು ವಿಷ್ಣುಪ್ರಿಯಾ ಚಾವಿ ಕೇಳಿದಳು. ಪಂಪಮ್ಮ ಸೊಂಟದ ಮೇಲೆ ಕೈಯಿಟ್ಟು, “ಜೀವ ಹೋದರೂ ಕೊಡಂಗಿಲ್ಲ” ಎಂದಳು. ಹಾಗಾದರೆ ಬಾಗಿಲ ಹೊರಗೆ ಮಾತ್ರ ಬರೆಯುತ್ತೇವೆ ಎಂದಳು ಹುಡುಗಿ. ಅದಕ್ಕೆ ಪಂಪಮ್ಮ ಒಪ್ಪಿದಳು. “ಬಣ್ಣ ಬ್ಯಾಡ, ಸುಣ್ಣದಾಗ ಬರೀರಿ. ಬಂದವರು ನನಗ ಬೈತಾರ.”

ಏನು ಬರೆಯುತ್ತೀರಿ ಎಂದು ಅವಳು ಕೇಳಲಿಲ್ಲ. ಬಾಗಿಲ ಮೇಲೆ ಮನೆಯವರ ಹೆಸರಲ್ಲದೆ ಇನ್ನೇನು ಬರೆಯುತ್ತಾರೆ? ಏನು ಬರೆಯುತ್ತೇವೆಂದು ವಿಷ್ಣುಪ್ರಿಯಾಳೂ ಹೇಳಲಿಲ್ಲ. ಕಲೆಯನ್ನು ಮೊದಲೇ ಬಿಡಿಸಿ ಹೇಳಬಾರದು ಎಂಬುದು ಅವರ ಕಡೆಯ ಮಡಿ. ಹೆಸರು ಬರೆಯುತ್ತಾರೆಂದು ಪಂಪಮ್ಮನಿಗೆ ಖುಷಿಯೇ ಆಗಿತ್ತು. ಲಿಂಗಕ್ಕನ ಬಾಗಿಲು ತೋರಿಸಿ, “ಇದಕ್ಕ ಒಂದೀಟು ದಪ್ಪಗ, ಚೆಂದಾಗಿ ಬರಿ ತಾಯಿ” ಎಂದಳು.

ಹಬ್ಬ ಶುರುವಾಯಿತು. ಮೊದಲ ದಿನ ಒಬ್ಬ ತಗಡಿನ ಹಾಳೆಗಳನ್ನು ಕೋಲಿನಿಂದ ಉಜ್ಜಿ ಸಂಗೀತ ಎಂದ, ಓಣಿಯ ನಾಯಿಗಳೆಲ್ಲ ಊರಾಚೆ ಹೋದವು. ಎರಡನೇ ದಿನ ಒಬ್ಬಳು ಒಣಮೆಣಸಿನಕಾಯಿ ರಾಶಿಯ ಮೇಲೆ ಒಂದು ತಾಸು ಮಾತಾಡದೆ ಕೂತಳು. ನೋಡಲಿಕ್ಕೆ ಬಂದವರೆಲ್ಲ ಸೀನಿ ಸೀನಿ ಸಾಕಾದರು. “ಅಯ್ಯ, ಹಂಗ ಕೂತರ ಉರೀತೈತಿ, ಏಳವ್ವಾ” ಎಂದು ಪಂಪಮ್ಮ ಎರಡು ಸಲ ಹೇಳಿನೋಡಿದಳು. ಎದ್ದ ಮೇಲೆ ಅವಳಿಗೆ ಕೊಬ್ಬರಿ ಎಣ್ಣೆ ಕೊಟ್ಟವಳೂ ಪಂಪಮ್ಮನೇ. ಅವತ್ತು ಸಂಜೆ ಗೆಳೆಯರೆಲ್ಲ ಸೇರಿ ಬಾಗಿಲುಗಳ ಮೇಲೆ ಸುಣ್ಣದಲ್ಲಿ ಬರೆದರು. ಅಕ್ಷರ ದುಂಡಗೆ, ನೋಡಲಿಕ್ಕೆ ಚೆನ್ನಾಗಿದ್ದವು.

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಒಬ್ಬ ದೊಡ್ಡ ಅಧಿಕಾರಿ ಮೇಡಂ ಬಂದು ಎಲ್ಲ ನೋಡುವವರಿದ್ದರು. ಪಂಪಮ್ಮ ಎಂದಿನಂತೆ ಬೆಳಕು ಹರಿದ ಕೂಡಲೇ ನೀರಿನ ಚೆಂಬು ಹಿಡಿದು ಹೊರಟು, ಮೊದಲು ಪಕ್ಕದ ಲಿಂಗಕ್ಕನ ಹೊಸ್ತಿಲಿಗೆ ಗೆರೆ ಎಳೆದು ಮುಂದೆ ಹೋದಳು. ಮೇಲಿನ ಓಣಿಯ ಹಾಲಸ್ವಾಮಿ ಮೇಷ್ಟ್ರು ಬಸವಕ್ಕನ ಬಾಗಿಲ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದರು.

“ಹೆಸರು ಸರಿ ಬರದಾರೇನ್ರಿ ಮೇಷ್ಟ್ರೇ?”

“ಎಲ್ಲಿ ಹೆಸರು? ‘ಇಲ್ಲಿ ಯಾರೂ ಇಲ್ಲ’ ಅಂತ ಬರದಾರ. ಕೆಳಗ ತೆಲುಗಿನಾಗ, ‘ಇಕ್ಕಡ ಎವರೂ ಲೇರು’ ಅಂತ. ಎಲ್ಲಾ ಬಾಗಲಕ್ಕೂ ಅದೇ ಐತಿ.”

ಚೆಂಬು ಕೈಯಿಂದ ಜಾರಿತು. ಲಿಂಗಕ್ಕನ ಅಕ್ಕಿ ಕಸಿದುಕೊಂಡ ಮಾತೇ ಅದು, ಅಕ್ಷರ ಬಿಡದಂತೆ. ಆಗ ಒಂದು ಮನೆಗೆ ಬರೆದರು, ಈಗ ಓಣಿಗೆಲ್ಲ ಬರೆದರು. ಬರೆಸಿದವಳು ತಾನೇ. ಅದೂ ಲಿಂಗಕ್ಕನ ಬಾಗಿಲಿಗೆ ದಪ್ಪಗೆ ಬರಿ ಎಂದು ಹೇಳಿ! ಕುಂಟುಗಾಲಿನಲ್ಲಿ ಆಕೆ ಓಡಿದ್ದನ್ನು ಮೇಷ್ಟ್ರು ಅವತ್ತೇ ಮೊದಲು ನೋಡಿದ್ದು.

ವಿಷ್ಣುಪ್ರಿಯಾ ಶಾಲೆಯ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಳು.

“ಏನು ಬರದೀರಿ ತಾಯಿ ನಮ್ಮ ಮಂದಿ ಬಾಗಲ ಮ್ಯಾಲೆ?”

“ಅದು ಸರ್ಕಾರಕ್ಕ ಕೇಳೋ ಪ್ರಶ್ನೆ ಅಮ್ಮಾ. ಓಣಿಗೆ ಓಣಿನೇ ಖಾಲಿ ಆಗೇದ, ಅದನ್ನ ಓದಿ ಅವರು ನಾಚಬೇಕು.”

“ನಾಚಂಗಿಲ್ಲವ್ವಾ, ಬರಕೊಂಡು ಹೋಗ್ತಾರ! ಪ್ರಶ್ನಿ ಅಂತ ನಿನಗ ಗೊತ್ತು. ಅವರಿಗೆ ಅದು ಉತ್ತರ!”

ನಿಂತ ನಿಲುವಿನಲ್ಲೇ ಪಂಪಮ್ಮ ಲಿಂಗಕ್ಕನ ಕತೆ ಅಷ್ಟೂ ಹೇಳಿದಳು. ಅಳಬಾರದೆಂದುಕೊಂಡರೂ ಅಳು ಬಂತು. ಒಂದು ಮಾತು ಒಪ್ಪಬೇಕು: ಆ ಹುಡುಗಿ ವಾದ ಮಾಡಲಿಲ್ಲ. “ಅಯ್ಯೋ, ನಾ ಏನು ಮಾಡಿದೆ” ಎಂದು ಚಹಾ ಬಿಟ್ಟು ಎದ್ದಳು, ಬಕೆಟ್ಟು ಬಟ್ಟೆ ಹಿಡಿದಳು, ಗೆಳೆಯರನ್ನೆಲ್ಲ ಎಬ್ಬಿಸಿದಳು. ಆದರೆ ಬಾವಿಯಿಂದ ನೀರು ಹೊತ್ತು ತರಬೇಕು. ಸುಣ್ಣ ಒಣಗಿ ಹಳೇ ಕಟ್ಟಿಗೆಯ ಗೀರುಗಳಲ್ಲಿ ಕೂತಿತ್ತು. ಒಂದು ಸಲ ಒರೆಸಿದರೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

ಸರ್ಕಾರಿ ಜೀಪು ಹೇಳಿದ ಹೊತ್ತಿಗಿಂತ ಮುಂಚೆ ಬಂದದ್ದನ್ನು ಆ ಊರು ಕಂಡಿರಲಿಲ್ಲ. ಅವತ್ತು ಒಂಬತ್ತೂವರೆಗೇ ಬಂತು. ಆಗ ಒರೆಸಿ ಆಗಿದ್ದು ಹನ್ನೊಂದು ಬಾಗಿಲು.

ಮೇಡಂ ಇಳಿದರು, ಹಿಂದೆ ಫೈಲು ಹಿಡಿದ ಒಬ್ಬ. ಮೇಡಂ ಬಾಗಿಲ ಮೇಲಿನದನ್ನು ಓದಿ, “ಪಾಪಂ, ಎವರೂ ಲೇರಾ?” ಎಂದು ಮರುಗಿದರು. ಫೈಲಿನವನು ಫೋನಿನಲ್ಲಿ ಬಾಗಿಲಿನ ಫೋಟೋ ತೆಗೆದು, ಆಮೇಲೆ ಪೆನ್ನು ತೆಗೆದ.

ಪೆನ್ನು ಕಂಡದ್ದೇ ಪಂಪಮ್ಮನಿಗೆ ಹೆದರಿಕೆಯೆಲ್ಲ ಹಾರಿಹೋಯಿತು. ಸೊಂಟದ ಗೊಂಚಲು ಕಿತ್ತು ಕೈಯಲ್ಲಿ ಎತ್ತಿ ಹಿಡಿದು ಮುಂದೆ ಬಂದು ನಿಂತಳು. “ಉನ್ನಾರು ಮೇಡಂ! ಅಂದರೂ ಉನ್ನಾರು! ಎಲ್ಲಾರೂ ಅದಾರ! ಆ ಹುಡುಗ್ರಿಗೆ ಗೊತ್ತಿಲ್ಲದ ಬರದಾರ. ನಾ ಹೇಳ್ತೀನಿ, ಬರಕೋರಿ!”

ಬಾಗಿಲಿಗೆ ಬಾಗಿಲಿಗೆ ನಡೆದಳು. “ಇದು ನೀಲಿ ಚಿಂದಿ. ಬಸವಕ್ಕನ ಮನಿ. ಗಂಡ, ಹೆಂಡ್ತಿ, ಮೂರು ಮಕ್ಕಳು, ಅತ್ತಿ, ಆರು ಮಂದಿ. ಅತ್ತಿ ಕೂಸು ನೋಡ್ಕಳ್ಳಾಕ ಹೋಗ್ಯಾಳ. ಯುಗಾದಿಗೆ ಬರ್ತಾರ. ಇದು ಹಳದಿ, ಶೋಭಾರಾಣಿದು. ಇಬ್ಬರಾ. ಆಕಿಗೆ ಈಗ ಎಂಟು ತಿಂಗಳು, ಬರೋವಾಗ ಮೂವರು ಬರ್ತಾರ, ಅದನ್ನೂ ಬರಕೋರಿ!” ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಹಾಸ್ಟೆಲಿನಲ್ಲಿ, ಯಾರ ಮಗಳು ಮೈನೆರೆದಿದ್ದಾಳೆ, ಯಾವ ಮುದುಕಿಗೆ ಕಣ್ಣು ಕಾಣುವುದಿಲ್ಲ, ಒಂದೂ ತಪ್ಪಲಿಲ್ಲ. ಫೈಲಿನವನ ಹಾಳೆ ತುಂಬಿ ಇನ್ನೊಂದು ಹಾಳೆ ತೆಗೆದ. ಗೆಳೆಯರಲ್ಲೊಬ್ಬ ಫೋನಿನಲ್ಲಿ ವಿಡಿಯೋ ತೆಗೆಯುತ್ತ ಹಿಂದೆಯೇ ಬಂದ. ಹಬ್ಬದ ಕೊನೆಗೆ ‘ಶೂನ್ಯ’ ಎಂಬ ದೊಡ್ಡ ಪ್ರಯೋಗ ಒಂದಿತ್ತಂತೆ. ಅದು ಆಗಲೇ ಇಲ್ಲ, ಯಾರೂ ಕೇಳಲೂ ಇಲ್ಲ.

ಕೊನೆಗೆ ಲಿಂಗಕ್ಕನ ಬಾಗಿಲು ಬಂತು. ಅಲ್ಲಿ ಪಂಪಮ್ಮನ ಕೈ ಗೊಂಚಲಿನಲ್ಲಿ ಆಡಿ ನಿಂತುಬಿಟ್ಟಿತು.

“ಇದರ ಚಾವಿ ಎಲ್ಲಿ ಅಮ್ಮಾ?” ಎಂದರು ಮೇಡಂ.

ಸುಳ್ಳು ಹೇಳಬಹುದಿತ್ತು. ಯಾವುದೋ ಒಂದು ಚಿಂದಿ ಎತ್ತಿ ತೋರಿಸಿದ್ದರೆ ಯಾರಿಗೆ ತಿಳಿಯುತ್ತಿತ್ತು?

“ಇದರದು ನನ್ನತ್ರ ಇಲ್ರಿ” ಎಂದಳು ಪಂಪಮ್ಮ. “ಆಕಿ ಕೊರಳಾಗ ಐತಿ. ತಪ್ಪು ನಂದು. ಎರಡು ವರ್ಷದ ಹಿಂದ ಒಬ್ಬ ಬಂದು ಕೇಳಿದ, ನಾನು ಬಾಗಲ ತೆಗದು ತೋರಿಸಿದೆ. ಯಾರೂ ಇಲ್ಲ ಅಂತ ಬರದು ಹೋದ. ಇದ್ದ ನಾಕು ಮಂದೀನ ಇಲ್ಲ ಅಂತ ಬರದ. ಇಬ್ಬರು ಹೆಣ್ಣುಮಕ್ಕಳು ಅದಾವ ಆಕಿಗೆ. ಎರಡು ವರ್ಷ ಆಕಿ ಅಕ್ಕಿ ಕೊಂಡು ತಿಂದಾಳ. ನನ್ನ ಪ್ರಾಣ ಉಳಿಸಿದಾಕಿ ಮೇಡಂ, ಆಕಿ ಬಾಯಾಗ ನಾನು ಮಣ್ಣು ಹಾಕಿದೆ.”

ಮೇಡಂ ಫೈಲಿನವನ ಕೈಯಿಂದ ಪೆನ್ನು ಇಸಕೊಂಡು, ನಾಲ್ಕು ಹೆಸರನ್ನೂ ಕೇಳಿ ತಾವೇ ಬರೆದುಕೊಂಡರು. ಮಾಡಿಕೊಡುತ್ತೇನೆ ಎಂದು ಹೇಳಲಿಲ್ಲ, ನೋಡುತ್ತೇನೆ ಎಂದರು. ಅವರು ಹೋದ ಮೇಲೆ ವಿಷ್ಣುಪ್ರಿಯಾ ಸಂಜೆಯ ತನಕ ಕೂತು ಬಾಗಿಲು ತಿಕ್ಕಿದಳು, ಲಿಂಗಕ್ಕನದನ್ನು ಮೊದಲು. ಮುಂದಿನ ಹಬ್ಬ ಶ್ರಾವಣದಲ್ಲೇ ಎಂದು ತಾನಾಗಿ ಹೇಳಿ ಹೋದಳು.

ಎರಡು ದಿನಕ್ಕೆ ಸುಂಕಣ್ಣನ ಫೋನು ಬಂತು. “ಏನಲೇ, ಫೋನಿನ್ಯಾಗ ಬಂದಿಯಲ್ಲ! ಮೆಣಸಿನಕಾಯಿ ಹೊಲದಾಗ ಎಲ್ಲಾರೂ ನಿಂತು ನೋಡಿದ್ವಿ. ಅವರವರ ಹೆಸರು ಬಂದಾಗ ಸಿಳ್ಳಿ ಹೊಡದ್ರು.”

“ಲಿಂಗಕ್ಕ ಏನಂದ್ಲು?”

“ಏನೂ ಅನ್ನಲಿಲ್ಲ. ನೋಡಿ ಹೊಂಟು ಹೋದ್ಲು.”

ಪಂಪಮ್ಮ ಫೋನು ಕೆಳಗಿಟ್ಟಳು. ಆಕೆಯ ಮನೆಯ ಮಾತನ್ನು ಊರೂರಿಗೆ ಹರವಿದೆನಲ್ಲ, ಇದ್ದ ಮುನಿಸಿನ ಮೇಲೆ ಇನ್ನೊಂದು ಹೇರಿದೆನಲ್ಲ ಎಂದು ಯುಗಾದಿಯ ತನಕ ಕೊರಗಿದಳು. ಹೊಸ್ತಿಲಿಗೆ ನೀರು ಹಾಕುವಾಗ ಆ ಬಾಗಿಲನ್ನು ತಲೆಯೆತ್ತಿ ನೋಡುತ್ತಿರಲಿಲ್ಲ.

ಯುಗಾದಿಗೆ ಮೂರು ದಿನ ಇರುವಾಗ ಲಾರಿಗಳು ಬಂದವು. ಚಾವಿ ಇಸಕೊಳ್ಳುವವರ ಗದ್ದಲ, ಮೆಣಸಿನಕಾಯಿ ಸುರಿಯುವವರ ಗದ್ದಲ. ಎಲ್ಲ ಹೋದ ಮೇಲೆ ಲಿಂಗಕ್ಕ ಬಂದಳು. ಕೈಯಲ್ಲಿ ತುಂಬಿದ ಮೊರ.

“ನಿನ್ನ ಚಾವಿ ನನ್ನತ್ರ ಇರಲಿಲ್ಲಲ್ಲ” ಎಂದಳು ಪಂಪಮ್ಮ. “ಇದು ನನಗ ಸೇರಂಗಿಲ್ಲ.”

“ವಿಡಿಯೋದಾಗ ನೋಡಿದೆ. ನನ್ನ ಬಾಗಲ ಮುಂದ ಗೆರಿ ಇದ್ವು.”

ಪಂಪಮ್ಮ ಬಗ್ಗಿ, ನೆಲಕ್ಕೆ ಚೆಲ್ಲಿದ್ದ ಮೆಣಸಿನಕಾಯಿ ಆರಿಸತೊಡಗಿದಳು.

“ಯಾವಾಗಿನಿಂದ ಹಾಕ್ತಿದ್ದಿ?”

“ದಿನಾ ಹಾಕ್ತೀನಿ.”

“ಎರಡು ವರ್ಷನೂ?”

“ದಿನಾ ಅಂದೆನಲ್ಲ.”

ಲಿಂಗಕ್ಕ ಮೊರ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಮೆಣಸಿನಕಾಯಿ ಘಾಟಿಗೆ ಇರಬೇಕು ಎಂದುಕೊಳ್ಳುವಷ್ಟು ದಡ್ಡಿಯಲ್ಲ ಪಂಪಮ್ಮ.

ರೈಸ್ ಕಾರ್ಡಿನಲ್ಲಿ ಜ್ಯೇಷ್ಠದ ಹೊತ್ತಿಗೆ ಮೂರು ಹೆಸರು ತಿರುಗಿ ಬಂದವು. ಚಿಕ್ಕವಳದು ಆಧಾರಿಗೆ ಹೊಂದುವುದಿಲ್ಲವಂತೆ, ಅದಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಶ್ರಾವಣದ ಹಬ್ಬದಲ್ಲಿ ಓಣಿಯ ಜನ ತಾವೇ ಬಾಗಿಲಿಗೆ ಹೆಸರು ಬರೆದರು, ಬರಿ ಎಂದು ಹೇಳಲಿಕ್ಕೆ ಯಾರೂ ಬೇಕಾಗಲಿಲ್ಲ. ಮತ್ತೆ ದೀಪಾವಳಿ ಬಂತು, ಹೋಯಿತು, ಅಗಸಿ ಹತ್ತಿರ ಲಾರಿ ಬಂದು ನಿಂತಿತು. ಎಲ್ಲರೂ ಚಾವಿ ಕೊಟ್ಟು ಹತ್ತಿದ ಮೇಲೆ ಕೊನೆಗೆ ಲಿಂಗಕ್ಕ ಬಂದು ಕೊರಳ ದಾರ ಬಿಚ್ಚಿದಳು. ಪಂಪಮ್ಮನ ಅಂಗೈಯಲ್ಲಿ ಚಾವಿಯಿಟ್ಟಳು.

ಪಂಪಮ್ಮ ಗಡಿಬಿಡಿಯಿಂದ ಗೊಂಚಲು ಬಿಚ್ಚಿದಳು. ಎರಡು ವರ್ಷ ಎತ್ತಿಟ್ಟಿದ್ದ ಹಳೇ ಚಿಂದಿಯನ್ನು ಕುಪ್ಪಸದೊಳಗಿಂದ ತೆಗೆದು ಕಟ್ಟಲು ಹೋದಳು.

“ಬ್ಯಾಡ” ಎಂದಳು ಲಿಂಗಕ್ಕ. “ಚಿಂದಿ ಇಲ್ಲದ್ದು ನಂದು ಅಂತ ಗೊತ್ತಾಕ್ಕೈತಲ್ಲ.”

“ಮತ್ತ ಫೋನ್ ಮಾಡಿದಾಗ ಬಣ್ಣ ಏನಂತ ಹೇಳ್ತಿ?”

ಲಾರಿಯವನು ಹಾರನ್ ಹೊಡೆದ. ಲಿಂಗಕ್ಕ ಆಗಲೇ ತಿರುಗಿ ನಡೆದಿದ್ದಳು. “ಯಾಕ, ನನ್ನ ದನಿ ನಿನಗ ಗೊತ್ತಾಗಂಗಿಲ್ಲೇನು?” ಎಂದಳು.